ಗಂಗಾಳ ಬಾರಿಸದ ಮಧ್ಯಾಹ್ನ

ನನ್ನ ಎಡಗಾಲಿನ ಮೀನಖಂಡದ ಕೆಳಗೆ ಎರಡು ಗುರುತುಗಳಿವೆ. ಒಂದು ಹುಣಸೆಬೀಜದಷ್ಟು. ಇನ್ನೊಂದು ಅದಕ್ಕಿಂತ ದೊಡ್ಡದು, ಸುಕ್ಕುಗಟ್ಟಿದೆ. ಸ್ನಾನಕ್ಕೆ ಕೂತಾಗ ಮೊಮ್ಮಕ್ಕಳು ನೋಡಿ, "ಮುತ್ಯಾ, ನಾಯಿ ಕಡದಿತ್ತೇನು?" ಎಂದು ಕೇಳುತ್ತವೆ. "ನಾರು ಆಗಿತ್ತಲೇ" ಅಂದರೆ ಅವಕ್ಕೆ ತಿಳಿಯುವುದಿಲ್ಲ. ಕಾಲೊಳಗಿನಿಂದ ದಾರದಂಥ ಹುಳ ಹೊರಗೆ ಬರುತ್ತಿತ್ತು ಅಂದರೆ ಸುಳ್ಳು ಹೇಳುತ್ತಿದ್ದಾನೆ ಎಂದು ನಗುತ್ತವೆ. ನಗಲಿ. ತಿಳಿಯದೆ ಇರುವುದೇ ಚಲೋ. ಆ ಸಂಕಟ ವೈರಿಗೂ ಬೇಡ.

ಆದರೂ ಆ ವರ್ಷದ ಮಾತನ್ನು ಹೇಳಿಬಿಡಬೇಕು ಅನಿಸುತ್ತದೆ. ಜಡ್ಡು ಬಿದ್ದು ಹೊರಸು ಹಿಡಿದವರಿಗೆ ಹೇಳಬೇಕು. ಹೊರಸಿನ ಪಕ್ಕ ಕೂತು, ಏನು ಮಾಡಬೇಕೋ ತಿಳಿಯದೆ ಕೈ ಕೈ ಹಿಸುಕಿಕೊಳ್ಳುವವರಿಗೂ ಹೇಳಬೇಕು. ಆ ಸುಗ್ಗಿಯಲ್ಲಿ ನಾನು ಎರಡೂ ಆಗಿದ್ದೆ.

ಆಗಿನ್ನೂ ನಿಜಾಮರ ಕಾಲ. ನಮ್ಮ ಹೊಲದಲ್ಲಿ ನಿಂತರೆ ಮಸ್ಕಿಯ ಗುಡ್ಡ ಕಾಣುತ್ತಿತ್ತು. ಊರಿಗೆಲ್ಲ ಒಂದೇ ಮೆಟ್ಟಿಲಬಾವಿ. ಮೊಣಕಾಲ ತನಕ ನೀರಿಗಿಳಿದೇ ಕೊಡ ತುಂಬಬೇಕು. ಅದೇ ನೀರಲ್ಲಿ ಕಾಲು ತೊಳೆಯುವುದು, ಅದೇ ನೀರು ಕುಡಿಯುವುದು. ಬೇಸಿಗೆ ಹತ್ತಿರ ಬಂತೆಂದರೆ ಓಣಿಗೊಬ್ಬರು ಕುಂಟುತ್ತಿದ್ದರು. ಅದು ಆ ಬಾವಿಯ ನೀರಿನಿಂದಲೇ ಬರುತ್ತದೆಂದು ನಮಗೆ ಯಾರೂ ಹೇಳಿರಲಿಲ್ಲ. ಹಣೆಬರಹ ಅಂದುಕೊಂಡಿದ್ದೆವು.

ಮನೆಯಲ್ಲಿ ಅವ್ವ, ಅಣ್ಣ ದೊಡ್ಡಬಸಪ್ಪ, ನಾನು, ಅದೇ ವರ್ಷ ಗಂಡನ ಮನೆಗೆ ನಡೆಯಲು ಬಂದಿದ್ದ ನನ್ನ ಹೆಂಡತಿ ನೀಲಮ್ಮ, ಮತ್ತೆ ಆಯಿ. ಆಯಿ ಎಂದರೆ ನಮ್ಮಪ್ಪನ ಅವ್ವ. ಅಪ್ಪ ನಾನು ಸಣ್ಣವನಿದ್ದಾಗಲೇ ಹೋಗಿದ್ದ. ಅತ್ತಿಗೆ ಬಾಣಂತನಕ್ಕೆ ತವರಿಗೆ ಹೋಗಿದ್ದಳು. ಜೋಳ ಹೊಲದಲ್ಲಿ ಒಣಗಿ ನಿಂತಿತ್ತು. ಕಿತ್ತು ಹಾಕಲು ಇದ್ದ ಗಂಡಾಳು ಇಬ್ಬರೇ, ಅಣ್ಣ ಮತ್ತು ನಾನು. ಜೋಳದ ದಂಟನ್ನು ಬುಡ ಸಮೇತ ಕೀಳುವುದು ಸುಮ್ಮನೆ ಮಾತಲ್ಲ, ರಟ್ಟೆ ಬೇಕು. ನನಗೆ ರಟ್ಟೆ ಇತ್ತು, ಅದರ ಸೊಕ್ಕೂ ಇತ್ತು. ಆಗಲೇ ಕಾಲಲ್ಲಿ ಬೊಕ್ಕೆ ಎದ್ದಿತು.

ಮೊದಲು ತುರಿಕೆ. ಆಮೇಲೆ ಕೆಂಡ ಇಟ್ಟಂಥ ಉರಿ. ಬೊಕ್ಕೆ ಒಡೆದ ದಿನ ತಣ್ಣೀರು ಸುರಿದುಕೊಂಡೆ, ಬಿಳಿ ದಾರದ ತುದಿಯೊಂದು ಹೊರಗೆ ಇಣುಕಿತು. ನೀಲಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಓಡಿದಳು. ಅವಳ ಊರು ಹೊಳೆದಂಡೆಯದು, ನಾರು ಕಂಡವಳಲ್ಲ. ಆಯಿ ಮಾತ್ರ ತನ್ನ ಹೊರಸಿನ ಮೇಲಿಂದಲೇ ಕತ್ತು ಚಾಚಿ ನೋಡಿ, "ಬಂತೇನು ಬೀಗರು?" ಅಂದಳು.

"ನಗಬ್ಯಾಡ ಆಯಿ, ಜೀವ ಹೊಂಟೈತಿ."

"ಹೋಗಂಗಿಲ್ಲ ಬಿಡು. ಜೀವ ಹೋಗೋ ಹೊರಸು ಇದು, ಅದಲ್ಲ. ನಿನ್ನ ಹೊರಸು ಇತ್ತಾಗ ಎಳಸು, ಕಾಲು ನನ್ನ ಕೈಗೆ ಸಿಗೂಹಂಗ."

ಆಯಿ ಆ ಚಳಿಗಾಲದಿಂದಲೇ ಎದ್ದಿರಲಿಲ್ಲ. ಇಂಥದೇ ರೋಗ ಎಂದು ಹೆಸರಿಡುವಂಥದೇನೂ ಇರಲಿಲ್ಲ. ರೊಟ್ಟಿ ಬಿಟ್ಟಿದ್ದಳು, ಅಂಬಲಿಗೆ ಇಳಿದಿದ್ದಳು. ಮೈ ಸೊರಗಿತ್ತು, ನಾಲಿಗೆ ಸೊರಗಿರಲಿಲ್ಲ. ಪಡಸಾಲೆಯಲ್ಲಿ ಅವಳ ಹೊರಸಿಗೆ ನನ್ನ ಹೊರಸು ಅಡ್ಡ ಹಾಕಿಸಿ, ನನ್ನ ಕಾಲನ್ನು ತನ್ನ ತೊಡೆಯ ಮೇಲೆ ಇಡಿಸಿಕೊಂಡಳು. ಕಸಬರಿಗೆಯಿಂದ ಒಂದು ಕಡ್ಡಿ ಮುರಿಸಿ ತರಿಸಿ, ಹುಳದ ತುದಿಯನ್ನು ಅದಕ್ಕೆ ಸುತ್ತಿದಳು. ಒಂದು ಸುತ್ತು. ಅಷ್ಟೇ. ಕಡ್ಡಿಯನ್ನು ಕಾಲಿಗೆ ಅರಿವೆಯಿಂದ ಕಟ್ಟಿ, "ಇವತ್ತಿಗೆ ಸಾಕು" ಅಂದಳು.

"ಇನ್ನೊಂದು ಸುತ್ತು ಸುತ್ತು ಆಯಿ. ಹಿಂಗಾದ್ರ ಸುಗ್ಗಿ ಮುಗದ ಮ್ಯಾಲೇ ಏಳೋದು."

"ಅದು ಬಿಟ್ಟಷ್ಟು ತಗೊಳ್ಳೋದು. ನೀ ಎಳದ್ರ ಅದೂ ಎಳೀತೈತಿ."

ದಿನಾ ಹೀಗೇ. ಅವಳ ಬೆರಳು ಕಡ್ಡಿಯನ್ನು ಹಿಡಿದು ಸುಮ್ಮನೆ ಕಾಯುತ್ತಿದ್ದವು. ಒಳಗಿನ ಹುಳ ಸಡಿಲವಾದದ್ದು ಅವಳಿಗೆ ಹೇಗೋ ತಿಳಿಯುತ್ತಿತ್ತು, ಆಗ ಅರ್ಧ ಸುತ್ತು ತಿರುವುತ್ತಿದ್ದಳು. ಕೆಲವು ದಿನ ಅದೂ ಇಲ್ಲ. ನನಗೆ ಸಿಟ್ಟು ನೆತ್ತಿಗೇರುತ್ತಿತ್ತು. ಎತ್ತಿನ ಕೋಡು ಹಿಡಿದು ನಿಲ್ಲಿಸುವವನು ನಾನು, ನೂಲಿನಷ್ಟು ದಪ್ಪದ ಒಂದು ಹುಳ ನನ್ನನ್ನು ಮುದುಕಿಯ ಪಕ್ಕ ಕಟ್ಟಿಹಾಕಿತ್ತು.

ನನ್ನ ಅವಸರ ಅಣ್ಣನಿಗೂ ಇತ್ತು. ಪಾಪ, ಹೊಲವೆಲ್ಲ ಅವನೊಬ್ಬನ ಮೇಲೆ ಬಿದ್ದಿತ್ತು. ಒಂದು ಮುಂಜಾನೆ ಆಯಿಗೆ ಇನ್ನೂ ಎಚ್ಚರವಿರಲಿಲ್ಲ. ಅಣ್ಣ ನನ್ನ ಕಾಲ ಬಳಿ ಕೂತು, "ಸ್ವಲ್ಪ ಹಲ್ಲು ಕಚ್ಚಿ ಹಿಡಿ ಶರಣ್ಯಾ, ಒಂದ ಏಟಿಗೆ ತಗದುಬಿಡ್ತೀನಿ" ಅಂದ. ನಾನೂ ಹೂಂ ಅಂದೆ. ಜೋಳ ಕೀಳುವ ಕೈ ಅದು. ಎಳೆದ. ಏನೋ ಚಟ್ಟೆಂದಂತಾಯಿತು. ಅವನ ಬೆರಳಲ್ಲಿ ಗೇಣುದ್ದದ ದಾರ ಉಳಿಯಿತು, ಉಳಿದದ್ದು ಒಳಗೆ ಸೇರಿತು.

ಹುಳ ಹರಿದು ಒಳಸೇರಿದರೆ ಏನಾಗುತ್ತದೆಂದು ನಮ್ಮ ಕಡೆಯವರಿಗೆ ಗೊತ್ತು. ಅಣ್ಣನ ಮುಖ ಕಪ್ಪಿಟ್ಟಿತು. ಸಂಜೆಗೆ ಕಾಲು ಬಾತಿತು. ಮರುದಿನ ತೊಡೆಯ ತನಕ ಬಿಗಿದು, ಜ್ವರ ಏರಿ, ನಾನು ಏನೇನೋ ಬಡಬಡಿಸತೊಡಗಿದೆನಂತೆ. ಬಂಡಿಗೆ ಹುಲ್ಲು ಹಾಸಿ ನನ್ನನ್ನು ಲಿಂಗಸೂಗೂರಿನ ದವಾಖಾನೆಗೆ ಹೊರಡಿಸಿದರು. ಹೊರಡುವಾಗ ಆಯಿ ಅಣ್ಣನಿಗೆ ಒಂದು ಮಾತೂ ಬಯ್ಯಲಿಲ್ಲ. ನನ್ನ ಕಾಲಿನ ಮೇಲೆ ಒಮ್ಮೆ ಕೈ ಆಡಿಸಿ, "ತಿರುಗಿ ಬಾ, ನಾ ಇರ್ತೀನಿ" ಅಂದಳು.

ದವಾಖಾನೆಯ ವರಾಂಡದಲ್ಲಿ ಕೂಡಲು ಜಾಗವಿರಲಿಲ್ಲ. ಕಲ್ಲಿನ ಹಾಸು, ಅದರ ಮೇಲೆ ಸಾಲಾಗಿ ಕಾಲು ಚಾಚಿದವರು. ಅರ್ಧ ಜನ ನನ್ನ ಜಾತಿಯವರೇ, ಅಂದರೆ ನಾರಿನವರು. ಪಕ್ಕದಲ್ಲಿ ಒಬ್ಬ ಭಿಸ್ತಿ ಸಾಬ ಬೋರಲು ಮಲಗಿದ್ದ. ದಿನವಿಡೀ ತೊಗಲಿನ ಚೀಲದಲ್ಲಿ ಊರಿಗೆ ನೀರು ಹೊರುವವನು. ಅವನಿಗೆ ನಾರು ಎದ್ದದ್ದು ಆ ಚೀಲ ಹೊರುವ ಬೆನ್ನ ಮೇಲೇ.

"ಕಾಲಾಗ ಎದ್ದೈತಲ್ಲ, ನಿನ್ನ ನಸೀಬು ಚಲೋ ಐತಿ" ಅಂದ ಅವನು, ಮುಖ ಕಲ್ಲಿಗೆ ಒತ್ತಿಕೊಂಡೇ. "ನಂಗ ನೋಡು, ಅಂಗಾತ ಮಲಗೂ ಭಾಗ್ಯ ಸೈತ ಇಲ್ಲ."

"ಕಾಲು ಕಡೀತಾರೇನು ಸಾಬ?"

"ತೋಬಾ! ಹಂಗ್ಯಾಕ ಅಂತಿ? ಡಾಕ್ಟರ್ ಸಾಬರ ಕೈ ಮೆತ್ತಗೈತಿ."

ಹಾಗೆ ಹೇಳಿ, ತನ್ನ ಹೆಗಲ ಅರಿವೆಯನ್ನು ಮಡಚಿ ನನ್ನ ಕಾಲ ಕೆಳಗೆ ತೂರಿಸಿದ. ಅದರಲ್ಲಿ ಒದ್ದೆ ತೊಗಲಿನ ವಾಸನೆ ಇತ್ತು. ಆ ಕಲ್ಲಿನ ಮೇಲೆ ನನಗೆ ಸಿಕ್ಕ ಮೆತ್ತನೆಯ ವಸ್ತು ಅದೊಂದೇ. ಇವತ್ತಿಗೂ ಅವನ ಹೆಸರು ಕೇಳಲಿಲ್ಲವಲ್ಲ ಎಂದು ಹಳಹಳಿ.

ಡಾಕ್ಟರ್ ಸಾಬರು ಬಾವು ಕೊಯ್ದರು. ನಾನು ಕೂಗಿದ್ದು ಬಂಡಿ ಕಾಯುತ್ತಿದ್ದ ಅಣ್ಣನಿಗೆ ಕೇಳಿಸಿತಂತೆ. ಅವನು ಗಾಲಿಗೆ ಹಣೆ ಹಚ್ಚಿ ಅತ್ತನಂತೆ. ಕೀವು ಇಳಿದ ಮೇಲೆ ಜ್ವರವೂ ಇಳಿಯಿತು. ಕೆಲವು ದಿನ ಅಲ್ಲಿಯೇ ಇಟ್ಟುಕೊಂಡು ಕಳಿಸುವಾಗ ಸಾಬರು ಅಣ್ಣನನ್ನು ಕರೆದು, ಬಯ್ಯದೆ, ಮಗನಿಗೆ ಹೇಳುವಂತೆ ಹೇಳಿದರು: "ಕಾಲು ಉಳೀತದ. ಒಳಗಿಂದು ಇನ್ನೊಂದು ಬಾಯಿ ಮಾಡಿಕೊಂಡು ಬರ್ತದ. ಬಂದಾಗ ಸುತ್ತ್ರಿ. ಜಬರದಸ್ತಿ ಬ್ಯಾಡ."

"ನಮ್ಮ ಆಯೀನೂ ಹಿಂಗೇ ಅಂತಿದ್ಳು ಸಾಬ್" ಅಂದ ಅಣ್ಣ, ನೆಲ ನೋಡುತ್ತ.

ಊರಿಗೆ ಬಂದರೆ ಮನೆಯ ಮುಂದೆ ಜನ. ಅಂಗಳದಲ್ಲಿ ಸಿಂಧನೂರಿಗೆ ಕೊಟ್ಟಿದ್ದ ಅತ್ತಿಯ ಬಂಡಿ ನಿಂತಿತ್ತು. ಆಯಿ ಹೋದಳು ಅಂದುಕೊಂಡೆ.

ಇಲ್ಲಿ ಒಂದು ಮಾತು ಹೇಳಬೇಕು. ಸಾವೆಂದರೆ ನನಗೆ ಆಗುತ್ತಿರಲಿಲ್ಲ. ಅಪ್ಪ ಹೋಗುವಾಗ ನನ್ನನ್ನು ಪಕ್ಕದ ಮನೆಯಲ್ಲಿ ಕೂಡಿಹಾಕಿದ್ದರು. ಗೋಡೆಯಾಚೆಯಿಂದ ಬಂದ ಕೂಗಾಟ ಕೇಳಿದ್ದೆ. ಹೊರಗೆ ಬಿಟ್ಟಾಗ, ನಮ್ಮಲ್ಲಿ ಹೆಣವನ್ನು ಕೂಡಿಸುವಂತೆ, ಅಪ್ಪ ಗೋಡೆಗೆ ಒರಗಿ, ಹಣೆ ತುಂಬ ವಿಭೂತಿ ಬಳಿಸಿಕೊಂಡು, ಯಾರೋ ಬೇರೆಯವನಂತೆ ಕೂತಿದ್ದ. ಅಂದಿನಿಂದ ಯಾರ ಮನೆಯಲ್ಲಾದರೂ ಹೆಣವಿದೆ ಎಂದರೆ ನಾನು ಆ ಓಣಿಯನ್ನೇ ಬಿಟ್ಟು ಸುತ್ತು ಹಾಕಿ ಹೋಗುತ್ತಿದ್ದೆ. ಈಗ ಓಡೋಣವೆಂದರೆ ಕಾಲಿಲ್ಲ. ಅಣ್ಣ ನನ್ನನ್ನು ಹೊತ್ತುಕೊಂಡು ನೇರ ಪಡಸಾಲೆಗೇ ಒಯ್ದ.

ಆಯಿಯನ್ನು ಹೊರಸಿನಿಂದ ನೆಲಕ್ಕೆ ಇಳಿಸಿದ್ದರು. ಕಂಬಳಿಯ ಮೇಲೆ ಮಲಗಿಸಿ, ಊರ ಅಯ್ಯನವರನ್ನು ಕರೆಸಿ ಹಣೆಗೆ ವಿಭೂತಿ ಹಚ್ಚಿಸಿ, ಬಾಯಿಗೆ ಪಾದೋದಕ ಬಿಡಿಸಿ ಎಲ್ಲ ಆಗಿತ್ತು. ಹೊರಡುವ ಜೀವಕ್ಕೆ ಮಾಡುವುದನ್ನೆಲ್ಲ ಮಾಡಿದ್ದರು. ಸಿಂಧನೂರಿನಿಂದ ಬಂದಿದ್ದ ಗೌರತ್ತಿ, ಆಯಿಯ ಒಬ್ಬಳೇ ಮಗಳು, ಎರಡೂ ಭುಜ ಹಿಡಿದು ಅಲುಗಿಸುತ್ತಿದ್ದಳು.

"ಎವ್ವಾ! ಕಣ್ಣು ತೆರಿಯವ್ವಾ! ನಾ ಯಾರು ಹೇಳು! ನಾ ಯಾರಬೇ, ಗುರುತು ಸಿಗ್ತೈತೇನು?"

ನಮ್ಮ ಕಡೆ ಇದೊಂದು ರೂಢಿ. ಹೋಗುವವರ ಮುಖದ ಮೇಲೆ ಬಗ್ಗಿ ಬಂದವರೆಲ್ಲ ಕೇಳುವುದು ಇದನ್ನೇ. ಹೆಸರು ಹೇಳಿದರೆ ಸಮಾಧಾನ, ಹೇಳದಿದ್ದರೆ ಅಳು. ಅವ್ವ ಕೇಳಿದಳು, ಓಣಿಯವರು ಕೇಳಿದರು. ಗೌರತ್ತಿ ಮತ್ತೆ ಕಿವಿಗೆ ಬಾಯಿಟ್ಟು ಕೂಗಿದಳು. ಆಯಿಯ ರೆಪ್ಪೆ ಅದುರಿತು.

"ಗೌರೀ... ಕಿವ್ಯಾಗ ಒದರಬ್ಯಾಡ. ಕಿವಿ ಚಲೋ ಅದಾವ ನನಗ."

ಅಳುತ್ತಿದ್ದವರೆಲ್ಲ ನಕ್ಕುಬಿಟ್ಟರು, ನಗುತ್ತ ಮತ್ತೆ ಅತ್ತರು. ಸಂಜೆಗೆ ಆಯಿ ಪುಂಡಿಪಲ್ಯ ಕೇಳಿ ಎರಡು ಬೆರಳು ನೆಕ್ಕಿದಳು. ವಿಭೂತಿ ಹಚ್ಚಿಸಿಕೊಂಡ ಮೇಲೆ ಎದ್ದು ಕೂತದ್ದು ಅಪಶಕುನವೇ ಎಂದು ಯಾರೋ ಅಯ್ಯನವರನ್ನು ಕೇಳಿದರು. "ಏನೂ ಆಗಂಗಿಲ್ಲ. ಇನ್ನೊಮ್ಮಿ ಹಚ್ಚಾಕ ನನಗೇನು ಬ್ಯಾಸರಿಲ್ಲ" ಅಂದರು ಅಯ್ಯನವರು. ಹೊರಸಿನ ಮೇಲೆ ಎತ್ತಿ ಮಲಗಿಸಲು ಹೋದರೆ ಆಯಿಯೇ ಒಪ್ಪಲಿಲ್ಲ. "ಏರಸೋದು ಇಳಸೋದು ಸಾಕು. ನಾ ಇಲ್ಲೇ ನೆಲದ ಮ್ಯಾಲೇ ಇರ್ತೀನಿ" ಅಂದಳು.

ಸುಗ್ಗಿ ಯಾರಿಗಾಗಿಯೂ ನಿಲ್ಲುವುದಿಲ್ಲ. ಕಿತ್ತ ಜೋಳ ಕಣಕ್ಕೆ ಬಂದಿತ್ತು. ಕಣವೋ ಮನೆಯ ಹಿಂದೆಯೇ, ಒಂದು ಕೂಗಿನ ದೂರ. ಮುಂಜಾನೆ ಎಲ್ಲರೂ ಅಲ್ಲಿಗೆ ಹೋಗುವರು. ಗೌರತ್ತಿಯೂ ಸಿಂಧನೂರಿಗೆ ಮರಳದೆ ನಿಂತಳು, ಕೈ ಕಟ್ಟಿ ಕೂಡುವವಳಲ್ಲ, ಜೋಳ ತೂರಲು ಅವಳೂ ಹೋಗುವಳು. ಮನೆಯಲ್ಲಿ ಉಳಿಯುವವರು ಏಳಲಾಗದ ಇಬ್ಬರು, ಆಯಿ ಮತ್ತು ನಾನು.

ಗೌರತ್ತಿ ಹೋಗುವ ಮುಂಚೆ ಉಣ್ಣುವ ಒಂದು ಕಂಚಿನ ಗಂಗಾಳ ಮತ್ತು ಒಂದು ಸೌಟು ತಂದು ನನ್ನ ಹೊರಸಿನ ಪಕ್ಕ ಇಟ್ಟಳು. "ಉಸುರು ಹೆಚ್ಚುಕಡಿಮಿ ಕಂಡ್ರ ಇದನ್ನ ಬಾರಿಸು. ಕಣಕ್ಕ ಕೇಳಸ್ತೈತಿ. ಓಡಿ ಬರ್ತೀವಿ. ಮರಿಬ್ಯಾಡಪ್ಪಾ, ನಮ್ಮವ್ವ ಹೋಗುವಾಗ ನಾ ಇರಬೇಕು."

"ಹೂಂ ಅತ್ತಿ" ಅಂದೆ.

ಅವಳು ಹೋದ ಮೇಲೆ ಆಯಿ ಬಹಳ ಹೊತ್ತು ಆ ಗಂಗಾಳವನ್ನೇ ನೋಡುತ್ತಿದ್ದಳು. ಆಮೇಲೆ ನನ್ನ ಕಾಲು ನೋಡಿ ಕೇಳಿದಳು, "ಒಳಗ ಹರದಾಗ ನೋವು ಹೆಂಗಿತ್ತಲೇ?"

"ಕೇಳಬ್ಯಾಡ ಆಯಿ. ಮೊದಲಿನದು ಏನೂ ಅಲ್ಲ ಅನಸ್ತು."

"ನಂಗೂ ಹಂಗೇ ಆತು ಮೊನ್ನಿ." ಉಸಿರು ತೆಗೆದುಕೊಂಡು ಹೇಳಿದಳು. "ಹಗುರಕ ಹೊಂಟಿದ್ದೆ. ಏನೂ ತ್ರಾಸ ಇದ್ದಿಲ್ಲ. ಗೌರಿ ಒದರಿ ಒದರಿ ಅರ್ಧಾ ದಾರ್ಯಾಗಿಂದ ಎಳಕೊಂಡು ಬಂದ್ಳು. ಬಂದ ಮ್ಯಾಲೆ ಮೈಯೆಲ್ಲ ಮುರದಂಗಾತು. ಮತ್ತೆ ಮೊದಲಿಂದ ಹೋಗಬೇಕು ನೋಡು ಈಗ."

ನಾನು ಕಾಲಿನ ಅರಿವೆ ಸರಿಮಾಡಿಕೊಂಡೆ.

"ಶರಣ್ಯಾ, ಆ ಗಂಗಾಳ ಬಾರಿಸಬ್ಯಾಡ. ಹೋಗೋದು ಹೋದ ಮ್ಯಾಲೆ ಬಾರಿಸು."

"ಆಯಿ, ನನ್ನ ಕೈಲೆ ಆಗಂಗಿಲ್ಲ. ನಾ ಒಬ್ಬನ ಹ್ಯಾಂಗ ಕುಂದ್ರಲಿ? ನಂಗ ಅಂಜಿಕಿ ಬರ್ತೈತಿ. ಮತ್ತ ಅತ್ತಿ ನನ್ನ ಕೊಂದ ಹಾಕ್ತಾಳ."

"ಕೊಲ್ಲಲಿ. ಹೆಂಗೂ ಓಡಿಹೋಗಾಕ ಕಾಲಿಲ್ಲ ನಿನಗ."

ಇಂಥ ಹೊತ್ತಲ್ಲೂ ಕಾಡುವುದು ಬಿಡಲಿಲ್ಲ ನೋಡಿ ಆ ಮುದುಕಿ. ನಾನು ನಗಲಿಲ್ಲ, ಮಾತೂ ಕೊಡಲಿಲ್ಲ. ಗೋಡೆಗೆ ಮುಖ ಮಾಡಿ ಮಲಗಿದೆ.

ಆಮೇಲಿನ ದಿನಗಳಲ್ಲಿ ಅವಳು ಅದನ್ನು ಮತ್ತೆ ಎತ್ತಲಿಲ್ಲ. ನನ್ನ ಕಾಲಲ್ಲಿ ಡಾಕ್ಟರ್ ಸಾಬರು ಹೇಳಿದಂತೆ ಹಿಮ್ಮಡಿಯ ಮೇಲ್ಗಡೆ ಇನ್ನೊಂದು ಬಾಯಿ ತೆರೆದು ಹುಳದ ತುದಿ ಕಂಡಿತು. ಆಯಿಯ ಕೈ ಈಗ ನಡುಗುತ್ತಿತ್ತು. "ನೀನೇ ಸುತ್ತು, ನಾ ಹೇಳ್ತೀನಿ" ಅಂದಳು. ನಾನು ಹೊರಸಿನಿಂದ ಇಳಿದು ಅವಳ ಪಕ್ಕ ನೆಲದ ಮೇಲೆ ಕೂತು ಕಡ್ಡಿ ಹಿಡಿಯುತ್ತಿದ್ದೆ. ಅವಳು ತನ್ನ ಒಂದು ಬೆರಳನ್ನು ನನ್ನ ಬೆರಳ ಮೇಲೆ ಇಡುತ್ತಿದ್ದಳು. ನಾನು ಅವಸರ ಮಾಡಿದರೆ ಆ ಬೆರಳು ಒತ್ತುತ್ತಿತ್ತು.

ಹಾಗೆ ಕೂತಾಗಲೇ ಒಂದು ದಿನ ಕೇಳಿದಳು, "ನಿಮ್ಮಪ್ಪ ಹೆಂಗ ಹೋದ, ಗೊತ್ತೇನು ನಿನಗ?"

"ಒದರಾಡಿಕೊಂಡು ಹೋದ. ಗ್ವಾಡಿ ಆಚಿಗೆ ನಂಗ ಕೇಳಸ್ತಿತ್ತು."

ಆಯಿ ನನ್ನ ಮುಖವನ್ನೇ ನೋಡಿದಳು. "ಹುಚ್ಚ, ಒದರಾಡಿದ್ದು ನಾವು. ಅಂವ ಒದರಲಿಲ್ಲ. 'ಎತ್ತಿಗೆ ನೀರು ಕುಡಿಸೀರೇನು?' ಅಂತ ಕೇಳಿದ. ಕುಡಿಸೀವಪ್ಪಾ ಅಂದೆ. 'ಚಲೋ ಆತು' ಅಂದ. ಕಣ್ಣು ಮುಚ್ಚಿದ. ಅಷ್ಟ. ನನ್ನ ತೊಡಿ ಮ್ಯಾಲೇ ಇತ್ತು ತಲಿ. ಇಷ್ಟು ವರ್ಷ ನೀ ಹಂಗಂತ ತಿಳಕೊಂಡಿದ್ದಿಯೇನು?"

ನನಗೆ ಅಳು ಬಂತು. ತಡೆಯಲಾಗದ ಅಳು. ಕಡ್ಡಿ ಹಿಡಿದ ಕೈ ಅಲುಗದಂತೆ ನೋಡಿಕೊಂಡು ಅತ್ತೆ. ಅಷ್ಟು ವರ್ಷ ನನ್ನ ಕಿವಿಯಲ್ಲಿದ್ದ ಆ ಕೂಗು ಅಪ್ಪನದಲ್ಲ ಎಂದು ಅವತ್ತು ತಿಳಿಯಿತು.

"ಅಳು, ಅಳು" ಅಂದಳು ಆಯಿ. "ಹುಟ್ಟೋದು ನೋಡೀನಿ, ಹೋಗೋದು ನೋಡೀನಿ. ಎರಡೂ ತಮ್ಮ ಹೊತ್ತಿಗೆ ಬರ್ತಾವ. ಹಡಿಯೋವಾಗ ಸೂಲಗಿತ್ತಿ ಪಕ್ಕದಾಗ ಸುಮ್ಮನ ಕುಂತಿರ್ತಾಳ ನೋಡು, ಹಂಗ ಯಾರರ ಕುಂದ್ರಬೇಕು. ಬ್ಯಾರೆ ಏನೂ ಬ್ಯಾಡ."

ಅಂದೂ ನಾನು ಮಾತು ಕೊಡಲಿಲ್ಲ. ಆದರೆ ಗೋಡೆಗೆ ಮುಖ ಮಾಡಲಿಲ್ಲ.

ರಾಶಿ ತೂರುವ ದಿನ ಬಂತು. ಗಾಳಿ ಬಿಟ್ಟಿದೆ ಎಂದು ಎಲ್ಲರೂ ಕಣಕ್ಕೆ ಹೋಗಿದ್ದರು. ನೀಲಮ್ಮ ಹೋಗುವ ಮುಂಚೆ ನನ್ನ ಪಕ್ಕ ನೀರಿನ ತಂಬಿಗೆ ಇಟ್ಟು, "ಆಯಿ ಯಾಕೋ ಮುಂಜಾನಿಂದ ನೀರೂ ಬ್ಯಾಡ ಅಂತಾರ್ರೀ" ಅಂದಿದ್ದಳು. ಬಿಸಿಲು ಪಡಸಾಲೆಯ ಹೊಸ್ತಿಲು ದಾಟಿ ಒಳಗೆ ಬಂದಿತ್ತು. ಒಂದು ಕೋಳಿ ನೆಲ ಕೆದರುತ್ತ ತಿರುಗುತ್ತಿತ್ತು. ಕಣದ ಕಡೆಯಿಂದ ಅಣ್ಣ ಎತ್ತುಗಳನ್ನು ಗದರುವುದು ಕೇಳಿಸುತ್ತಿತ್ತು.

ಆಯಿಯ ಉಸಿರಿನ ಸದ್ದು ಬದಲಾಯಿತು. ಒಂದು ಉಸಿರು, ಆಮೇಲೆ ಏನೂ ಇಲ್ಲ. ನಾನು ತಲೆ ಎತ್ತಿ ನೋಡುವಷ್ಟರಲ್ಲಿ ಇನ್ನೊಂದು.

ನನಗೆ ತಿಳಿಯಿತು. ಯಾರೂ ಹೇಳಿಕೊಟ್ಟಿರಲಿಲ್ಲ, ಆದರೂ ತಿಳಿಯಿತು. ಕೈ ತಾನಾಗಿಯೇ ಸೌಟಿಗೆ ಹೋಯಿತು. ಗಂಗಾಳವನ್ನು ತೊಡೆಯ ಮೇಲೆ ಎಳೆದುಕೊಂಡೆ. ಒಂದು ಏಟು ಹಾಕಿದರೆ ಸಾಕು, ಮನೆ ತುಂಬ ಜನ ಬರುತ್ತಾರೆ, ನಾನು ಹೊರಸಿನ ಮೇಲೆ ಮುಸುಕು ಹಾಕಿ ಮಲಗಬಹುದು. ಯಾರೂ ತಪ್ಪು ಎನ್ನುವುದಿಲ್ಲ. ಗೌರತ್ತಿಗೆ ಹೂಂ ಅಂದಿದ್ದೇನೆ. ಸೌಟು ಎತ್ತಿದೆ.

ಆಯಿ ಕಣ್ಣು ತೆರೆದಿದ್ದಳು. ಬೇಡ ಎಂದು ತಲೆ ಆಡಿಸಲಿಲ್ಲ, ಬೇಡಿಕೊಳ್ಳಲಿಲ್ಲ. ಸುಮ್ಮನೆ ನೋಡಿದಳು, ನಾನು ಹುಳ ಸುತ್ತುವಾಗ ನೋಡುತ್ತಿದ್ದಳಲ್ಲ, ಹಾಗೆ.

ಸೌಟನ್ನೂ ಗಂಗಾಳವನ್ನೂ ಸದ್ದಾಗದಂತೆ ಹೊರಸಿನ ಮೇಲೆ ಇಟ್ಟೆ. ನೆಲಕ್ಕೆ ಇಳಿದೆ. ಎಡಗಾಲನ್ನು ಎಳೆದುಕೊಂಡು, ಅಂಡೂರಿಕೊಂಡು ಅವಳ ಬಳಿಗೆ ಸರಿದೆ. ನಾಲ್ಕು ಮೊಳ ದೂರ, ನನ್ನ ಜೀವಮಾನದಲ್ಲಿ ಅಷ್ಟು ದೂರ ನಾನು ಎಲ್ಲಿಗೂ ಹೋಗಿಲ್ಲ. ಹತ್ತಿರ ಬಂದಾಗ ಅವಳ ಕಣ್ಣು ನನ್ನ ಮುಖದ ಮೇಲಿಂದ ಕಾಲಿಗೆ ಇಳಿಯಿತು. ತುಟಿ ಅಲುಗಿತು. ಬಗ್ಗಿ ಕೇಳಿದೆ.

"ಕಡ್ಡಿ... ಜ್ವಾಕಿ."

ನೋಡಿದರೆ ಕಡ್ಡಿ ಕಟ್ಟಿದ್ದ ಅರಿವೆ ಸಡಿಲಾಗಿ, ಕಡ್ಡಿ ಕಂಬಳಿಯ ಅಂಚಿಗೆ ಸಿಕ್ಕಿತ್ತು. ಇನ್ನೊಂದಿಷ್ಟು ಸರಿದಿದ್ದರೆ ಹುಳ ಮತ್ತೆ ಹರಿಯುತ್ತಿತ್ತು. ಬಿಡಿಸಿ ಕಟ್ಟಿಕೊಂಡೆ. "ಕಟ್ಟೀನಿ ಆಯಿ" ಅಂದೆ. ಅದೇ ಅವಳ ಕಡೆಯ ಮಾತು. ಶಿವನ ನಾಮವಲ್ಲ, ಮಗಳ ಹೆಸರಲ್ಲ. ನನ್ನ ಕಾಲಿನ ಕಸಬರಿಗೆ ಕಡ್ಡಿ.

ಅವಳ ಕೊರಳಲ್ಲಿದ್ದ ಲಿಂಗವನ್ನು ಬಿಡಿಸಿ ಅವಳ ಅಂಗೈಯಲ್ಲಿಟ್ಟು, ಅದರ ಮೇಲೆ ನನ್ನ ಕೈ ಮುಚ್ಚಿದೆ. ಬೆರಳು ತಂಪಾಗಿದ್ದವು. ಒದ್ದೆ ಅರಿವೆಯಿಂದ ತುಟಿ ಒರೆಸಿದೆ. ಉಸಿರು ಬರುತ್ತಿತ್ತು, ನಿಲ್ಲುತ್ತಿತ್ತು, ಬರುತ್ತಿತ್ತು. ಪ್ರತಿ ಸಲ ನಿಂತಾಗಲೂ ನನ್ನ ಗಂಟಲಿಗೆ ಒಂದೇ ಮಾತು ಬರುತ್ತಿತ್ತು: ಆಯಿ, ನಾ ಯಾರು ಹೇಳು. ಆ ಮಾತು ಯಾಕೆ ಎಲ್ಲರ ಬಾಯಲ್ಲೂ ಬರುತ್ತದೆಂದು ಆಗ ಗೊತ್ತಾಯಿತು. ಹೋಗುವವರಿಗಾಗಿ ಕೇಳುವುದಲ್ಲ ಅದು. ಅವರು ಹೋದ ಮೇಲೆ ನಾನು ಯಾರ ಮೊಮ್ಮಗ ಎಂಬ ದಿಗಿಲು. ನುಂಗಿಕೊಂಡೆ. ಕೇಳಲಿಲ್ಲ.

ಒಂದು ಉಸಿರು ಹೊರಗೆ ಹೋಯಿತು. ಇನ್ನೊಂದಕ್ಕೆ ಕಾದೆ. ಕಣದಲ್ಲಿ ಯಾರೋ ನಕ್ಕರು. ಕೋಳಿ ಹೊಸ್ತಿಲು ದಾಟಿ ಹೊರಗೆ ಹೋಯಿತು. ಇನ್ನೊಂದು ಬರಲಿಲ್ಲ.

ಅಪ್ಪ ಹೋದಾಗಿನಿಂದ ನಾನು ಓಣಿ ತಪ್ಪಿಸಿ ಓಡುತ್ತಿದ್ದ ಆ ಗಳಿಗೆ ಬಂದು ಹೋಗಿತ್ತು. ಮನೆ ಹಾಗೇ ಇತ್ತು. ಬಿಸಿಲು ಅಲ್ಲಿಯೇ ಇತ್ತು. ಅವಳ ಮುಖ ಬೇರೆ ಯಾರದೋ ಆಗಲಿಲ್ಲ, ನಮ್ಮ ಆಯಿಯದೇ ಆಗಿತ್ತು. ದುಃಖ ಎದೆ ತುಂಬ ಇತ್ತು, ಆದರೆ ಅಂಜಿಕೆ ಎಲ್ಲಿ ಹುಡುಕಿದರೂ ಇರಲಿಲ್ಲ. ಕಣ್ಣು ಮುಚ್ಚಿಸಿ, ಹಣೆಗೆ ವಿಭೂತಿ ಹಚ್ಚಿ, ಸೆರಗು ಸರಿಮಾಡಿದೆ. ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಆಮೇಲೆ ಹಿಂದಕ್ಕೆ ಸರಿದು ಗಂಗಾಳ ತೆಗೆದುಕೊಂಡು ಬಾರಿಸಿದೆ.

ಮೊದಲು ಓಡಿ ಬಂದವಳು ಗೌರತ್ತಿ. ತಲೆ ತುಂಬ ಜೋಳದ ಹೊಟ್ಟು. ಆಯಿಯ ಕೈ ಹಿಡಿದು ನೋಡಿದಳು, ಮುಖ ಮುಟ್ಟಿ ನೋಡಿದಳು, ತಿರುಗಿ ನನ್ನನ್ನು ನೋಡಿದಳು.

"ಯಾವಾಗ?"

"ಈಗ ಸ್ವಲ್ಪ ಹೊತ್ತಾತು ಅತ್ತಿ."

"ಸ್ವಲ್ಪ ಹೊತ್ತು? ಮತ್ತ ಕರೀಲಿಲ್ಲ ಯಾಕ?"

"ಆಯಿ ಬ್ಯಾಡ ಅಂದಿದ್ಲು."

"ನನ್ನ ಹಡದಾಕಿ ಹೋಗುವಾಗ ನಾ ಇಲ್ಲೇ ಗ್ವಾಡಿ ಹಿಂದ ಹೊಟ್ಟು ತೂರಾಕತ್ತಿದ್ದೆ! ಒಂದು ಕೂಗಿನ ದೂರ! ನೀ ಯಾರೋ ನಮ್ಮ ನಡುವ?" ಎಂದು ಎದೆ ಬಡಿದುಕೊಂಡಳು. ನಾನು ತಲೆ ತಗ್ಗಿಸಿದೆ. ಅವಳ ಸಿಟ್ಟು ಸುಳ್ಳಲ್ಲ. ಮಗಳಾಗಿ ಅವಳಿಗೆ ಬರಬೇಕಾಗಿದ್ದ ಆ ಹೊತ್ತು ನನ್ನ ಪಾಲಿಗೆ ಬಂದಿತ್ತು. ನಮ್ಮವ್ವ ಮಾತ್ರ ಬಾಗಿಲಲ್ಲಿ ನಿಂತು ಆಯಿಯ ಮುಖವನ್ನು ಬಹಳ ಹೊತ್ತು ನೋಡಿ, "ಗೌರವ್ವಾ, ಒಮ್ಮಿ ಆಕೀ ಮುಖ ನೋಡರ ನೋಡು. ಎಷ್ಟು ತಣ್ಣಗ ಮಲಗ್ಯಾಳ" ಅಂದಳು. ಗೌರತ್ತಿ ಕೇಳಿಸಿಕೊಳ್ಳಲಿಲ್ಲ. ಮಣ್ಣು ಮುಗಿಸಿ ಸಿಂಧನೂರಿಗೆ ಹೋಗುವಾಗ ನನಗೊಂದು ಮಾತು ಹೇಳದೆ ಬಂಡಿ ಏರಿದಳು.

ಮಣ್ಣಿಗೆ ಅಣ್ಣ ನನ್ನನ್ನು ಬೆನ್ನ ಮೇಲೆ ಹೊತ್ತು ಒಯ್ದ. ದಾರಿಯುದ್ದಕ್ಕೂ ಅವನ ಬೆನ್ನು ಅದುರುತ್ತಿತ್ತು. "ನಾ ಎಳೀಬಾರದಿತ್ತಲೇ" ಅಂದ ಒಂದು ಸಲ. "ನೀ ಎಳೀದ ಇದ್ದಿದ್ರ ನಾ ಆಯಿ ಹಂತ್ಯಾಕ ಇರ್ತಿದ್ದಿಲ್ಲ ಬಿಡು, ಹೊಲದಾಗಿರ್ತಿದ್ದೆ" ಅಂದೆ. ಅದು ನಿಜವೂ ಆಗಿತ್ತು.

ಹುಳ ಪೂರ್ತಿ ಹೊರಗೆ ಬರುವಷ್ಟರಲ್ಲಿ ಬೇಸಿಗೆ ಬಲಿತಿತ್ತು. ದಿನಾ ನಾನೇ ಸುತ್ತುತ್ತಿದ್ದೆ. ನೀಲಮ್ಮ ಈಗ ಮುಖ ತಿರುಗಿಸದೆ ಪಕ್ಕ ಕೂತು ನೀರು ಬಿಡುತ್ತಿದ್ದಳು. ಅವಸರವಾದಾಗ ಬೆರಳ ಮೇಲೆ ಇನ್ನೊಂದು ಬೆರಳು ಒತ್ತಿದಂತಾಗಿ ನಿಲ್ಲಿಸುತ್ತಿದ್ದೆ. ಒಂದು ಮುಂಜಾನೆ ಕಡ್ಡಿ ತಿರುವಿದರೆ ಏನೂ ಹಿಡಿಯಲಿಲ್ಲ, ಕಡೆಯ ತುದಿ ಸುಮ್ಮನೆ ಹೊರಬಂದು ಕಡ್ಡಿಗೆ ಸೇರಿತು. ನೋವೂ ಇರಲಿಲ್ಲ. ಕೋಲು ಹಿಡಿದು ನಾನು ಮೊದಲು ನಡೆದದ್ದು ಆಯಿಯ ಸಮಾಧಿಯ ತನಕ.

ಗೌರತ್ತಿ ನಮ್ಮ ಮನೆಗೆ ಬರುವುದನ್ನೇ ಬಿಟ್ಟಳು. ಹಬ್ಬಕ್ಕೆ ಕರೆದರೆ ಅಣ್ಣನ ಹೆಸರು ಹೇಳಿ ಬುತ್ತಿ ಕಳಿಸುವಳು, ನನ್ನ ಹೆಸರು ಎತ್ತುತ್ತಿರಲಿಲ್ಲ. ಹೀಗೇ ಕೆಲವು ವರ್ಷ ಕಳೆದವು. ನಿಜಾಮರ ಆಳ್ವಿಕೆ ಇನ್ನೂ ಮುಗಿದಿರಲಿಲ್ಲ, ಒಂದು ದಿನ ಸಿಂಧನೂರಿನಿಂದ ಬಂಡಿ ಬಂತು. ಅತ್ತಿ ಬಹಳ ದಿನದಿಂದ ಹಾಸಿಗೆ ಹಿಡಿದಿದ್ದಾಳೆ ಎಂದು ಕೇಳಿದ್ದೆವು. ಬಂಡಿ ಹೊಡೆದುಕೊಂಡು ಬಂದಿದ್ದ ಅವಳ ಮಗ ನಮ್ಮವ್ವನಿಗೂ ಅಣ್ಣನಿಗೂ ನಮಸ್ಕಾರ ಮಾಡಿ, ನನ್ನ ಕಡೆ ತಿರುಗಿದ.

"ಅವ್ವ ನಿನ್ನ ಒಬ್ಬನ್ನ ಕರಕೊಂಡು ಬಾ ಅಂದಾಳ."

ಅವಳ ಮನೆ ತುಂಬ ಜನ. ಒಬ್ಬರ ಹಿಂದೆ ಒಬ್ಬರು ಅವಳ ಮುಖದ ಮೇಲೆ ಬಗ್ಗಿ, ನಾ ಯಾರು ಹೇಳು, ನಾ ಯಾರು ಹೇಳು, ಎನ್ನುತ್ತಿದ್ದರು. ಅತ್ತಿ ಯಾರಿಗೂ ಹೇಳುತ್ತಿರಲಿಲ್ಲ. ಕಣ್ಣು ಮುಚ್ಚಿಯೇ ಇದ್ದಳು. ನಾನು ಹತ್ತಿರ ಹೋಗಿ ಏನೂ ಕೇಳದೆ ನಿಂತೆ. ಸ್ವಲ್ಪ ಹೊತ್ತಾದ ಮೇಲೆ ಕಣ್ಣು ತೆರೆದಳು.

"ಬಂದಿಯೇನು? ಕಾಲು ಹ್ಯಾಂಗೈತಿ?"

"ನಡೀತೈತಿ ಅತ್ತಿ."

ಅವಳ ತಲೆದಿಂಬಿನ ಪಕ್ಕ ಒಂದು ಗಂಗಾಳ, ಅದರ ಮೇಲೆ ಒಂದು ಸೌಟು ಇತ್ತು. ಮಕ್ಕಳು ಇಟ್ಟಿದ್ದಿರಬೇಕು. ಅತ್ತಿ ಅದರ ಕಡೆ ನೋಡಿ, ಮತ್ತೆ ನನ್ನ ಕಡೆ ನೋಡಿದಳು.

"ಅದನ್ನ ಒಯ್ದು ಅಡಗಿಮನ್ಯಾಗ ಇಟ್ಟು ಬಾ. ಬಂದು ಇಲ್ಲಿ ಕುಂದ್ರು."

ಇಟ್ಟು ಬಂದೆ. ಕೂತೆ.